ನಾಲ್ಕನೇ ನಿಮಿಷದ ‘ಬಂದ್ವಿ’

ನಲವತ್ತೊಂದನೆಯ ರೆಕಾರ್ಡಿಂಗ್ ಮುಗಿಯಿತು. ಅಳತೆಯಮ್ಮ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಿವಿ ಬಿಸಿಯಾಗಿತ್ತು. ಎಡ ಮೊಣಕಾಲು ಬೆಳಗ್ಗೆಯಿಂದಲೂ ತನ್ನ ಪಾಡಿಗೆ ತಾನು ಗೊಣಗುತ್ತಿತ್ತು.

“ಎಲ್ಲಾ ನಾಲ್ಕು,” ಎಂದರು, ಯಾರಿಗೂ ಅಲ್ಲವೆಂಬಂತೆ.

ಪಕ್ಕದ ಕುರ್ಚಿಯಲ್ಲಿದ್ದ ಕೋಗಿಲೆ ಪರದೆಯ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದಳು. ಅಗ್ನಿಶಾಮಕ ಠಾಣೆಯ ಮಹಡಿಯ ಮೇಲಿನ ಈ ಕಂಟ್ರೋಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಫೋನ್ ಎತ್ತುತ್ತಿರುವ ಹೆಂಗಸು ಆಕೆ. ಉರಿಯುವ ಮನೆಯೊಳಗಿಂದ ಕರೆ ಮಾಡಿದವರಿಗೂ ಒಂದು ಕ್ಷಣ ಜೀವ ತಣ್ಣಗಾಗುವಂಥ ದನಿ, ಅದಕ್ಕೇ ಕೋಗಿಲೆ.

ವಿಷಯ ಇಷ್ಟೇ: ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಗಾಡಿ ನಾಲ್ಕು ನಿಮಿಷಕ್ಕೆ ಬಂತು ಎನ್ನುತ್ತದೆ ದಾಖಲೆ, ಇಪ್ಪತ್ತೇಳು ನಿಮಿಷವಾಯಿತು ಎನ್ನುತ್ತಾಳೆ ಒಳಗೆ ಸತ್ತವನ ಅಕ್ಕ.

ಎರಡರಲ್ಲಿ ಯಾವುದು ನಿಜವೆಂದು ಬರೆದು ಸಹಿ ಹಾಕಬೇಕಾದವರು ಅಳತೆಯಮ್ಮ. ಸರ್ಕಾರದ ಇಲಾಖೆಗಳು ಎಷ್ಟು ಕೆಲಸ ಮಾಡುತ್ತವೆ, ಎಷ್ಟು ಬೇಗ ಮಾಡುತ್ತವೆ ಎಂದು ಲೆಕ್ಕ ಹಾಕುವ ಕಚೇರಿಯವರು. ಎದುರಿಗೆ ಎಲ್ಲರಿಗೂ ಅಳತೆ ಮೇಡಂ, ಬೆನ್ನ ಹಿಂದೆ ಅಳತೆಯಮ್ಮ. ಅಳೆದೂ ಸುರಿದೂ ಇಪ್ಪತ್ತಾರು ವರ್ಷ ಕಳೆದಿದ್ದವು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಸಹಿಗೆ ಗಡುವು ಇವತ್ತು ಸಂಜೆ ಐದು ಗಂಟೆ.

ವರದಿಯ ಕರಡನ್ನು ಮೇಲಿನವರೇ ಟೈಪ್ ಮಾಡಿಸಿ ಕಳಿಸಿದ್ದರು. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ‘ವಾಹನವು ನಿಗದಿತ ಅವಧಿಯೊಳಗೆ ಸ್ಥಳಕ್ಕೆ ಬಂದಿದ್ದರೂ, ಕುಟುಂಬದವರ ತಪ್ಪು ಸೂಚನೆಯಿಂದಾಗಿ ಮೃತರು ಸಕಾಲದಲ್ಲಿ ಹೊರಬರಲಿಲ್ಲ.’

ಕುಟುಂಬದವರು ಎಂದರೆ ಬಹುವಚನವೇನಲ್ಲ. ಒಬ್ಬಳೇ ಅಕ್ಕ. ಕಾರ್ಖಾನೆಯ ಎದುರಿಗೆ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು.

ಬೆಳಗ್ಗೆ ಅಳತೆಯಮ್ಮ ಅಲ್ಲಿಗೆ ಹೋಗಿದ್ದರು. ಇಸ್ತ್ರಿಯಕ್ಕ ಅಳಲಿಲ್ಲ. ಯಾರದೋ ಶಾಲೆಯ ಸಮವಸ್ತ್ರದ ಕಾಲರನ್ನು ಒತ್ತುತ್ತಲೇ ಎಲ್ಲ ಹೇಳಿದಳು. ತಮ್ಮ ಎರಡನೇ ಮಹಡಿಯ ಕಿಟಕಿಯಲ್ಲಿದ್ದ. ಕೆಳಗೆ ಹಳೇ ಹತ್ತಿಯ ರಾಶಿ ಬಿದ್ದಿತ್ತು. ಅವನ ಜೊತೆಯವರಿಬ್ಬರು ಅದರ ಮೇಲೆಯೇ ಹಾರಿದ್ದರು. ಒಬ್ಬನ ಪಾದದ ಮೂಳೆ ಮುರಿಯಿತು, ಇನ್ನೊಬ್ಬನಿಗೆ ತರಚುಗಾಯವೂ ಆಗಲಿಲ್ಲ. ತಮ್ಮನೂ ಒಂದು ಕಾಲು ಹೊರಗೆ ಹಾಕಿದ್ದ. ಅಷ್ಟರಲ್ಲಿ ಇವಳ ಕಿವಿಯಲ್ಲಿದ್ದ ಫೋನಿನಿಂದ ಒಂದು ತಣ್ಣನೆಯ ದನಿ, ಗಾಡಿ ಬಂದಿದೆಯಮ್ಮ, ಅಲ್ಲೇ ಇದಾರೆ ನೋಡಿ, ಎಂದಿತು. ಇವಳು ಮೇಲೆ ನೋಡಿ ಕೂಗಿದಳು: ಹಾರಬೇಡ, ಗಾಡಿ ಬಂದಿದೆಯಂತೆ, ಏಣಿ ಹಾಕ್ತಾರೆ.

ಅವನು ಕಾಲು ಒಳಗೆ ತೆಗೆದುಕೊಂಡ.

“ಚಿಕ್ಕಂದಿನಿಂದ್ಲೂ ನನ್ನ ಒಂದು ಮಾತನ್ನೂ ಕೇಳಿದವನಲ್ಲ ಮೇಡಂ,” ಎಂದಳು ಇಸ್ತ್ರಿಯಕ್ಕ. “ಅವತ್ತೊಂದಿನ ಕೇಳ್ಬಿಟ್ಟ.”

ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದಳು: “ಗಾಡಿ ಬಂದಿತ್ತಾ, ಇಲ್ವಾ? ಅಷ್ಟು ಹೇಳಿ ಸಾಕು. ಬಂದಿದ್ರೆ ನಾನೇ ಕುರುಡಿ, ತಪ್ಪು ನಂದು. ಬಂದಿಲ್ಲ ಅಂದ್ರೆ ಅದನ್ನಾದ್ರೂ ಬರೀರಿ.”

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅಳತೆಯಮ್ಮ ಈ ಮಹಡಿ ಹತ್ತಿದ್ದು.

*

ನಲವತ್ತೊಂದು ಕರೆಗಳು, ನಲವತ್ತೊಂದು ಸಲ ನಾಲ್ಕು ನಿಮಿಷ. ಎರಡು ಬೀದಿ ಆಚೆಯ ಬೇಕರಿಗೆ ನಾಲ್ಕು. ರೈಲ್ವೆ ಗೇಟಿನ ಆಚೆಯ ಮರದ ಅಡ್ಡೆಗೂ ನಾಲ್ಕು. ಆ ಹೊತ್ತಿಗೆ ಗೇಟು ಹಾಕಿತ್ತೆಂದು ರೈಲ್ವೆಯವರ ಪುಸ್ತಕದಲ್ಲೇ ಇದೆ. ಗಾಡಿಗೆ ರೆಕ್ಕೆ ಬಂದಿರಬೇಕು.

ಗೋಡೆಯ ಮೇಲೆ ಹಿತ್ತಾಳೆಯ ಫಲಕವೊಂದು ಹೊಳೆಯುತ್ತಿತ್ತು: ‘ಅತಿ ಶೀಘ್ರವಾಗಿ ಸ್ಪಂದಿಸುವ ಠಾಣೆ’. ಅದನ್ನು ಕೊಟ್ಟದ್ದು ಬೆಂಕಿ ಬಿದ್ದ ದಿನವೇ, ಊರಿನ ಇನ್ನೊಂದು ತುದಿಯ ಪ್ರಧಾನ ಕಚೇರಿಯ ಮೈದಾನದಲ್ಲಿ. ಬಿಸಿಲು, ಮೈಕು, ತೊಳೆದು ಮಿರಮಿರ ಮಿಂಚುತ್ತಿದ್ದ ಒಂದು ಕೆಂಪು ಗಾಡಿ, ಅದರ ಪಕ್ಕ ಸಾಲಾಗಿ ಕುರ್ಚಿಗಳು. ಅಂಕಿ ಅಂಶ ಓದಲು ಅಳತೆಯಮ್ಮನನ್ನೂ ಕರೆದಿದ್ದರು. ಓದಿ, ಬಿಸ್ಕತ್ತು ತಿಂದು ಮನೆಗೆ ಬಂದಿದ್ದರು. ಸಂಜೆ ಸುದ್ದಿಯಲ್ಲಿ ಹಾಸಿಗೆ ಕಾರ್ಖಾನೆ ನೋಡಿ ಒಂದೇ ದಿನ ಹೀಗೂ ಉಂಟೇ ಎಂದುಕೊಂಡಿದ್ದರು.

ಮೇಜಿನ ಫೋನ್ ಹೊಡೆದುಕೊಂಡಿತು. ದೊಡ್ಡ ಸಾಹೇಬರು, ಇಲಾಖೆಯ ಮುಖ್ಯಸ್ಥರು. ಯಾವುದಕ್ಕೂ ‘ಏನವಸರ’ ಎಂದೇ ಮಾತು ಶುರು ಮಾಡುವ ಮನುಷ್ಯ. ಬೆಂಕಿ ಆರಿಸುವ ಇಲಾಖೆಗೆ ಇಂಥ ಮಾತಿನ ಯಜಮಾನ ಸಿಕ್ಕಿದ್ದಕ್ಕೆ ಠಾಣೆಯವರು ಅವರಿಗೆ ಏನವಸರ ಸಾಹೇಬರು ಎಂದೇ ನಾಮಕರಣ ಮಾಡಿದ್ದರು.

ಏನವಸರ ಅಂತಲ್ಲ ಮೇಡಂ, ಎಂದರು ಸಾಹೇಬರು. ಆದರೂ ಐದರೊಳಗೆ ಒಂದು ಸಹಿ ಬಿದ್ದರೆ ನಾಳೆಯ ಸಭೆಗೆ ಅನುಕೂಲ. ಪಾಪ, ಆ ಹೆಂಗಸಿನ ಮೇಲೆ ಯಾವ ಕ್ರಮವೂ ಇಲ್ಲ, ಬರೀ ಕಾಗದದಲ್ಲಿ ಒಂದು ಸಾಲು.

ಬರೀ ಒಂದು ಸಾಲು. ಅಳತೆಯಮ್ಮ ಸರಿ ಸರ್ ಎಂದು ಫೋನಿಟ್ಟರು.

ಅದರಿಂದ ಕೈ ತೆಗೆಯುವ ಮೊದಲೇ ಅವರ ಸ್ವಂತ ಫೋನ್ ನಡುಗಿತು. ಮನೆಯವರು. ನಿವೃತ್ತ ಲೆಕ್ಕದ ಮೇಷ್ಟ್ರು, ಮೂಳೆ ಡಾಕ್ಟರ ಬಳಿ ಹೆಂಡತಿಯ ಹೆಸರಿಗೆ ಟೋಕನ್ ಹಿಡಿದು ಒಂದು ಗಂಟೆಯಿಂದ ಕೂತಿದ್ದರು.

“ಎಲ್ಲಿದೀಯ?”

“ಬಂದೆ ಕಣ್ರೀ, ಬಂದೆ.”

ಆ ಕಡೆ ನಿಟ್ಟುಸಿರು. “ನಿನ್ನ ‘ಬಂದೆ’ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದೀನಿ. ಚಪ್ಪಲಿ ಹಾಕ್ಕೊಂಡ್ಯಾ? ಅಷ್ಟು ಹೇಳು.”

ಅಳತೆಯಮ್ಮ ಮೇಜಿನ ಕೆಳಗೆ ನೋಡಿದರು. ಚಪ್ಪಲಿ ಒಂದು ಆ ಕಡೆ, ಒಂದು ಈ ಕಡೆ ಬಿದ್ದಿದ್ದವು. ಬೆರಳುಗಳು ತಣ್ಣನೆಯ ನೆಲದ ಮೇಲೆ ಹಾಯಾಗಿದ್ದವು.

“ಏನಂದ್ರಿ?”

“ಚಪ್ಪಲಿ ಅಂದೆ.”

“ಅದಕ್ಕೂ ಮುಂಚೆ.”

“ನಿನ್ನ ‘ಬಂದೆ’ ಅಂದೆ. ಯಾಕೆ, ಅದೂ ತಪ್ಪಾಯ್ತಾ?”

ತಪ್ಪಾಗಲಿಲ್ಲ, ನಿಮಗೆ ಪುಣ್ಯ ಬರುತ್ತೆ, ಟೋಕನನ್ನು ಯಾರಿಗಾದರೂ ಕೊಟ್ಟು ಮನೆಗೆ ಹೋಗಿ, ಎಂದು ಹೇಳಿ ಫೋನ್ ಇಟ್ಟರು. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ಕೂತಿರಬೇಕು.

*

ಅಳತೆಯಮ್ಮ ಕುರ್ಚಿಯನ್ನು ಕೋಗಿಲೆಯ ಕಡೆಗೆ ತಿರುಗಿಸಿಕೊಂಡರು.

“ಗಾಡಿಯವರು ವೈರ್‌ಲೆಸ್‌ನಲ್ಲಿ ‘ಬಂದ್ವಿ’ ಅಂದಾಗ ಎಲ್ಲಿರ್ತಾರಮ್ಮ?”

ಕೋಗಿಲೆ ಪರದೆಯ ಮೇಲಿನ ಇಲ್ಲದ ಧೂಳನ್ನು ಸೆರಗಿನ ಚುಂಗಿನಿಂದ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು.

“ದಾರೀಲಿ, ಮೇಡಂ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ತಾನಾಗಿಯೇ ಬಂತು. ಕೆಳಗಿನ ಗಾಡಿ ಈ ರೂಮಿಗೆ ಕಾಣುವುದಿಲ್ಲ, ಎಲ್ಲ ವೈರ್‌ಲೆಸ್‌ನಲ್ಲೇ. ಪರದೆಯ ಮೇಲೆ ಮೂರು ಗುಂಡಿ: ಹೊರಟರು, ಬಂದರು, ಮುಗಿಯಿತು. ಐದು ನಿಮಿಷದ ಗುರಿ ತಪ್ಪಬಾರದೆಂದು ನಾಲ್ಕನೇ ನಿಮಿಷಕ್ಕೆ ಯಂತ್ರ ಪೀಂ ಎನ್ನುತ್ತದೆ. ಆಗ ಇವಳು ವೈರ್‌ಲೆಸ್‌ನಲ್ಲಿ ಎಲ್ಲಿದೀರಿ ಎನ್ನುತ್ತಾಳೆ. ಡ್ರೈವರ್ ‘ಬಂದ್ವಿ, ಬಂದ್ವಿ’ ಎನ್ನುತ್ತಾನೆ. ಇವಳು ‘ಬಂದರು’ ಒತ್ತುತ್ತಾಳೆ. ಪರದೆ ಹಸಿರಾಗುತ್ತದೆ.

ಮೊದಲ ಸಲ ಒತ್ತಿದ್ದು ನಿಜವಾಗಿಯೂ ತಪ್ಪು ತಿಳಿದು. ಬಂದ್ವಿ ಅಂದರೆ ಮುಟ್ಟಿದರು ಅಂದುಕೊಂಡಳು. ತಿಂಗಳ ಕೊನೆಗೆ ಪಟ್ಟಿ ಬಂದಾಗ ಠಾಣೆಗೆ ಮೊದಲ ಸ್ಥಾನ. ಇನ್ನೊಂದು ಪಾಳಿಯವಳು ಮಾತ್ರ ‘ಮುಟ್ಟಿದ್ರಾ, ಇಳಿದ್ರಾ’ ಎಂದು ಕೇಳಿ ಕೇಳಿ ಒತ್ತುತ್ತಿದ್ದಳು. ಅವಳಿಗೆ ವಿಳಂಬದ ನೋಟಿಸು ಬಂತು.

“ಆಮೇಲೆ ಯಾರು ಕೇಳ್ತಾರೆ ಮೇಡಂ? ನಾನೂ ಕೇಳ್ಲಿಲ್ಲ. ಅವಳೂ ಬಿಟ್ಳು.”

ಅಳತೆಯಮ್ಮ ಪರದೆಯ ಮೇಲಿನ ‘ಬಂದರು’ ಗುಂಡಿಯನ್ನು ನೋಡಿದರು. ಹಳೆಯ ಕಾಗದದ ನಮೂನೆಯಲ್ಲಿ ‘ಸ್ಥಳಕ್ಕೆ ಮುಟ್ಟಿದ ವೇಳೆ’ ಎಂದಿತ್ತು. ಗಣಕಯಂತ್ರ ಬಂದಾಗ ಅಷ್ಟುದ್ದ ಗುಂಡಿಯಲ್ಲಿ ಹಿಡಿಸಲಿಲ್ಲ. ‘ಆಗಮನ’ ಎಂದಿಡೋಣ ಎಂದಿದ್ದರು ಕೆಲವರು. ಜನ ಆಡುವ ಮಾತೇ ಇರಲಿ, ‘ಬಂದರು’ ಸಾಕು ಎಂದು ಹಟ ಹಿಡಿದವರು ಅಳತೆಯಮ್ಮನೇ. ಜನ ಆಡುವ ಮಾತನ್ನು ಜನ ಹೇಗೆ ಆಡುತ್ತಾರೆಂದು ಯೋಚಿಸಿರಲಿಲ್ಲ. ಅಮ್ಮ ಕರೆದರೆ ಬಂದೆ, ಅಂಗಡಿಯವನು ಕೂಗಿದರೆ ಬಂದೆ. ನಮ್ಮಲ್ಲಿ ಹೊರಡುವ ಮೊದಲೇ ಬಂದಾಗಿರುತ್ತದೆ.

“ಆ ಹುಡುಗನ ಅಕ್ಕ ಒಂಬತ್ತು ಸಲ ಫೋನ್ ಮಾಡಿದ್ರು,” ಎಂದಳು ಕೋಗಿಲೆ. ಈಗ ದನಿ ಪೂರ್ತಿ ಒಡೆದಿತ್ತು. “ಒಂಬತ್ತು ಸಲಾನೂ ಪರದೆ ನೋಡಿ ಹೇಳ್ದೆ. ಹಸಿರಿತ್ತು ಮೇಡಂ. ಹಸಿರಿದ್ರೆ ನಾನೇನು ಹೇಳ್ಲಿ?”

ಅಳತೆಯಮ್ಮ ಆಕೆಯ ಕೈಯ ಮೇಲೆ ಕೈಯಿಟ್ಟರು. ಬೈಯಲು ಶಕ್ತಿ ಇರಲಿಲ್ಲ. ಬೈಯುವುದಾದರೆ ಯಾರಿಂದ ಶುರು ಮಾಡುವುದು ಎಂಬುದೂ ತಿಳಿಯಲಿಲ್ಲ.

ಆದರೆ ಅಳೆಯುವ ಬುದ್ಧಿ ಬಳಲಿದ್ದಾಗಲೂ ಸುಮ್ಮನಿರುವುದಿಲ್ಲ. ಠಾಣೆಯಿಂದ ಕಾರ್ಖಾನೆಗೆ ಮೂರೇ ಕಿಲೋಮೀಟರ್. ದಾರಿ ಎಷ್ಟೇ ಕೆಟ್ಟಿರಲಿ, ಹೆಚ್ಚೆಂದರೆ ಹತ್ತು ನಿಮಿಷ. ‘ಬಂದ್ವಿ’ ಎಂಬ ಮಾತು ಹತ್ತನ್ನು ನಾಲ್ಕು ಮಾಡಬಹುದು. ಇಪ್ಪತ್ತೇಳನ್ನು ನಾಲ್ಕು ಮಾಡಲು ಇನ್ನೇನೋ ಬೇಕು.

ಬೆಂಕಿಯ ದಿನದ ತುಣುಕನ್ನು ಮತ್ತೆ ಹಾಕಿಸಿದರು. ಹನ್ನೊಂದು ನಲವತ್ತೆರಡಕ್ಕೆ ಕರೆ. ನಲವತ್ತಾರಕ್ಕೆ ಪೀಂ. ಎಲ್ಲಿದೀರಿ? ಬಂದ್ವಿ, ಬಂದ್ವಿ. ತುಣುಕು ಮುಗಿಯಿತು; ‘ಬಂದರು’ ಒತ್ತಿದ ಕೂಡಲೇ ಯಂತ್ರ ಕತ್ತರಿಸಿ ಇಡುತ್ತದೆ.

ಬೇಕರಿಯದನ್ನು ಹಾಕಿಸಿದರು. ಮರದ ಅಡ್ಡೆಯದನ್ನು. ಇನ್ನೂ ನಾಲ್ಕಾರು.

“ಈಗ ಕೇಳು. ಈ ಎಲ್ಲದರಲ್ಲೂ ‘ಬಂದ್ವಿ’ ಹಿಂದೆ ಏನಿದೆ?”

“ಸೈರನ್ನು,” ಎಂದಳು ಕೋಗಿಲೆ. “ಇಂಜಿನ್ ಸದ್ದು.”

“ಅವತ್ತಿನದರಲ್ಲಿ?”

ಕೋಗಿಲೆ ಕಣ್ಣು ಮುಚ್ಚಿ ಕೇಳಿದಳು. ಏನೂ ಇರಲಿಲ್ಲ. ಸೈರನ್ ಇಲ್ಲ, ಇಂಜಿನ್ ಇಲ್ಲ. ದೂರದಲ್ಲಿ ಏನೋ ಗುಂಯ್‌ಗುಡುತ್ತಿತ್ತು, ಜೇನುಗೂಡಿನ ಹಾಗೆ. ಅಷ್ಟೇ.

ಗಾಡಿ ನಿಂತಿತ್ತು. ನಾಲ್ಕನೇ ನಿಮಿಷದಲ್ಲಿ ಅದು ದಾರಿಯಲ್ಲೂ ಇರಲಿಲ್ಲ.

*

ಚಪ್ಪಲಿ ಮೆಟ್ಟಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು ಅಳತೆಯಮ್ಮ. ಕೆಳಗೆ ಎರಡು ಗಾಡಿ. ಅದರಲ್ಲೊಂದು, ಬೆಂಕಿಗೂ ಮೊದಲಿನಿಂದ, ಎರಡು ತಿಂಗಳಾಯಿತು, ಜಾಕಿಯ ಮೇಲೆ ಚಕ್ರವಿಲ್ಲದೆ ನಿಂತಿತ್ತು. ಇನ್ನೊಂದರ ಪಕ್ಕದಲ್ಲಿ ಗೇರ್ ಮಾವ ಒದ್ದೆ ಪೈಪುಗಳನ್ನು ನೆರಳಿಗೆ ಹಾಸುತ್ತಿದ್ದ. ಮೂವತ್ತು ವರ್ಷದ ಡ್ರೈವರ್, ಇಡೀ ಠಾಣೆಗೆ ಮಾವ. ಗಾಡಿಯ ಗೇರು ಬೇರೆ ಯಾರ ಮಾತೂ ಕೇಳುವುದಿಲ್ಲವೆಂದು ಆ ಹೆಸರು.

ಕೂತುಕೊಳ್ಳಿ ಮೇಡಂ, ಎಂದು ಬಕೆಟ್ಟನ್ನು ಬೋರಲು ಹಾಕಿ ಕೊಟ್ಟ. ಅಳತೆಯಮ್ಮ ಕೂತರು. ಗಾಡಿಯ ಲಾಗ್ ಪುಸ್ತಕ ಕೇಳಿ ತರಿಸಿ, ಕನ್ನಡಕ ಏರಿಸಿ, ಬೆಂಕಿಯ ದಿನದ ಪುಟ ತೆಗೆದರು. ಆ ದಿನ ಒಂದೇ ಕರೆ, ಒಂದೇ ಓಟ. ಮೀಟರಿನ ಬೆಳಗಿನ ಅಂಕಿ, ಸಂಜೆಯ ಅಂಕಿ. ಕಳೆದರೆ ಮೂವತ್ತೆರಡು.

“ಹೋಗೋಕೆ ಮೂರು, ಬರೋಕೆ ಮೂರು,” ಎಂದರು. “ಉಳಿದ ಇಪ್ಪತ್ತಾರು ಕಿಲೋಮೀಟರ್ ಎಲ್ಲಿಗೆ ಹೋಗಿದ್ರಿ ಮಾವ?”

ಮಾವ ಪೈಪಿನ ಸುರುಳಿ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಮೀಟರು ಹಳೇದು, ಕೆಲವು ಸಲ ತಾನೇ ಓಡುತ್ತೆ, ಎಂದ. ಹಾಗೆ ತಾನೇ ಓಡುವ ಮೀಟರು ಅವತ್ತೊಂದು ದಿನ ಮಾತ್ರ ಓಡಿತೇ ಎಂದು ಇವರು ಹಿಂದಿನ ಪುಟ, ಮುಂದಿನ ಪುಟ ತೋರಿಸಿದರು. ಮಾವ ಪುಟ ನೋಡಲಿಲ್ಲ, ಇವರ ಮುಖ ನೋಡಿದ.

“ಇದನ್ನ ಕೇಳಬೇಡಿ ಮೇಡಂ. ನನ್ನ ಒಳ್ಳೇದಕ್ಕೆ ಹೇಳ್ತಿಲ್ಲ. ನಿಮ್ಮ ಒಳ್ಳೇದಕ್ಕೆ.”

“ನನ್ನ ಒಳ್ಳೇದೆಲ್ಲ ಈ ಮೊಣಕಾಲಲ್ಲೇ ಸವೆದುಹೋಯ್ತು. ಹೇಳಿ.”

“ನಾನು ಸುಳ್ಳು ಹೇಳ್ದವನಲ್ಲ. ಅಮ್ಮ ಊಟಕ್ಕೆ ಕರೆದ್ರೆ, ಆಟ ಬಿಟ್ಟು ಏಳೋದ್ರೊಳಗೆ ಬಂದೆ ಅಂತೀವಿ. ಅದು ಸುಳ್ಳಾ?”

“ಅವತ್ತು ಆಟ ಬಿಟ್ಟು ಎದ್ದಿದ್ರಾ ಮಾವ?”

ಮಾವನ ಕೈ ನಿಂತಿತು. ಪೈಪಿನ ತುದಿಯಿಂದ ಉಳಿದ ನೀರು ತೊಟ್ಟಿಕ್ಕುತ್ತಿತ್ತು.

ಕೊನೆಗೆ ಅವನು ಮೆಲ್ಲಗೆ ಹೇಳಿದ. ತಾನಾಗಿ ಏನೂ ಹೇಳುವುದಿಲ್ಲ, ಪಿಂಚಣಿಗೆ ಏಳು ತಿಂಗಳಿದೆ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಆದರೆ ಮೇಲೆ ಇರುವುದು ಕತ್ತರಿಸಿದ ತುಣುಕು. ಇಡೀ ದಿನದ್ದು ಬೇರೆ ಕಡೆ ಇರುತ್ತದೆ, ಕೋಗಿಲೆಗೆ ತೆಗೆಯಲು ಬರುತ್ತದೆ.

“ಬಂದ್ವಿ ಅಂದ್ಮೇಲೆ ನಾನು ವೈರ್‌ಲೆಸ್ಸಿನ ಗುಂಡಿ ಮೇಲಿನ ಬೆರಳು ತೆಗೀಲಿಲ್ಲ,” ಎಂದ. “ಮರೆತೋ, ಬೇಕಂತಲೋ, ನಂಗೂ ಗೊತ್ತಿಲ್ಲ.”

ಅಳತೆಯಮ್ಮ ಎದ್ದರು. ಅವನು ಕೈ ಕೊಟ್ಟ. ಆ ಕೈ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಿತು.

“ಆಮೇಲೆ ಗಾಡಿ ಹೊಡೆದ ಹಾಗೆ ಜನ್ಮದಲ್ಲಿ ಹೊಡೆದಿಲ್ಲ ಮೇಡಂ. ಅದನ್ನೂ ಬರ್ಕೊಳ್ಳಿ.”

*

ಇಡೀ ದಿನದ ರೆಕಾರ್ಡಿಂಗ್ ಹುಡುಕುವಷ್ಟರಲ್ಲಿ ಗಡಿಯಾರ ನಾಲ್ಕೂ ಮುಕ್ಕಾಲು ದಾಟಿತ್ತು. ಅಳತೆಯಮ್ಮ ಚಪ್ಪಲಿ ಕಳಚಿ, ಕರಡಿನ ಕೊನೆಯ ಪುಟ ಎದುರಿಗಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಹೆಡ್‌ಫೋನಿನ ಒಂದು ಕಿವಿ ಅವರಿಗೆ, ಇನ್ನೊಂದು ಕೋಗಿಲೆಗೆ.

ಪೀಂ. ಎಲ್ಲಿದೀರಿ? ಬಂದ್ವಿ, ಬಂದ್ವಿ.

ಅವತ್ತು ಇಲ್ಲಿಂದ ಮುಂದೆ ಕೋಗಿಲೆಯ ಕಿವಿಯಲ್ಲಿ ಇಸ್ತ್ರಿಯಕ್ಕನ ಫೋನಿತ್ತು. ಈಗ ದನಿಯ ಮಟ್ಟ ಪೂರ್ತಿ ಏರಿಸಿದಳು. ಜೇನುಗೂಡು ಹತ್ತಿರವಾಯಿತು. ಅದು ಜೇನುಗೂಡಲ್ಲ, ಜನ. ಕುರ್ಚಿ ಎಳೆಯುವ ಸದ್ದು. ಯಾರೋ ಕೆಮ್ಮಿದರು. ಅದರಾಚೆ ಧ್ವನಿವರ್ಧಕದಲ್ಲಿ, ತನ್ನ ಪ್ರತಿಧ್ವನಿಯನ್ನೇ ತುಳಿದುಕೊಂಡು, ಒಂದು ಹೆಣ್ಣುದನಿ ಕಾಗದ ನೋಡಿ ಓದುತ್ತಿತ್ತು: “...ಕರೆ ಬಂದ ನಾಲ್ಕೇ ನಿಮಿಷದಲ್ಲಿ ಸ್ಥಳದಲ್ಲಿರುವ ಈ ಠಾಣೆ...”

ನಮ್ಮ ದನಿ ನಮಗೇ ಬೇಗ ಗುರುತು ಸಿಗುವುದಿಲ್ಲ. ಮೊದಲು ಗುರುತಿಸಿದವಳು ಕೋಗಿಲೆ. ಅವಳು ಮೆಲ್ಲನೆ ತಿರುಗಿ ಅಳತೆಯಮ್ಮನ ಮುಖ ನೋಡಿದಳು. ಆಮೇಲೆ ಅಳತೆಯಮ್ಮನಿಗೆ ಗೊತ್ತಾಯಿತು.

ಮೈದಾನ. ಕುರ್ಚಿಗಳ ಪಕ್ಕದಲ್ಲಿ ಮಿಂಚುತ್ತಿದ್ದ ಆ ಕೆಂಪು ಗಾಡಿ. ತರಬೇತಿ ಶಾಲೆಯದಿರಬೇಕು ಎಂದುಕೊಂಡಿದ್ದರು. ಊರಿನ ಎಲ್ಲದರ ನಂಬರು ಬರೆದುಕೊಳ್ಳುವವರು ಅದೊಂದರ ನಂಬರು ನೋಡಿರಲಿಲ್ಲ.

ಕಿವಿಯಲ್ಲಿ ಮಾವನ ದನಿ, ಪಕ್ಕಕ್ಕೆ ತಿರುಗಿ ಯಾರಿಗೋ ಹೇಳುವಂತೆ: “ಸರ್, ಕರೆ ಬಂದಿದೆ. ನಮ್ಮ ಸರಹದ್ದು, ಹಾಸಿಗೆ ಕಾರ್ಖಾನೆ. ಗಾಡಿ ತೆಗೀಲಾ?”

ಮತ್ತೊಂದು ದನಿ, ಬಹಳ ಹತ್ತಿರ, ಬಹಳ ಸಮಾಧಾನ.

“ಏನವಸರ? ಸ್ಟಾರ್ಟ್ ಮಾಡಿದ್ರೆ ಗಲಾಟೆ. ಮೇಡಂ ಮಾತು ಮುಗೀಲಿ.”

ಧ್ವನಿವರ್ಧಕದಲ್ಲಿ ಅಳತೆಯಮ್ಮ ಇನ್ನೂ ಓದುತ್ತಲೇ ಇದ್ದರು. ಶೇಕಡಾವಾರು, ಸರಾಸರಿ, ಕಳೆದ ವರ್ಷಕ್ಕಿಂತ ಎಷ್ಟು ಸುಧಾರಣೆ. ಅವತ್ತು ತಾನು ಒಟ್ಟು ಎಷ್ಟು ಹೊತ್ತು ಮಾತಾಡಿದೆ? ಎಲ್ಲರ ನಿಮಿಷವನ್ನೂ ಅಳೆದವರಿಗೆ ಅದೊಂದು ಅಳತೆ ಗೊತ್ತಿರಲಿಲ್ಲ. ಕಿಟಕಿಯಲ್ಲಿದ್ದವನಿಗೆ ಗೊತ್ತಿತ್ತು.

ಚಪ್ಪಾಳೆ ಬಿತ್ತು. ಬೆರಳು ಗುಂಡಿ ಬಿಟ್ಟಿತು. ನಿಶ್ಶಬ್ದ.

ಕೋಗಿಲೆ ಹೆಡ್‌ಫೋನ್ ಕಳಚಿದಳು. ಅಷ್ಟರಲ್ಲಿ ಮೇಜಿನ ಫೋನ್ ಹೊಡೆದುಕೊಂಡಿತು. ಐದಕ್ಕೆ ಐದು ನಿಮಿಷ. ಅಳತೆಯಮ್ಮ ಎತ್ತಿದರು. ದನಿ ಹೊರಗೂ ಕೇಳುವಷ್ಟಿತ್ತು.

“ಏನವಸರ ಅಂತಲ್ಲ ಮೇಡಂ. ಸಹಿ ಆಯ್ತಾ? ಫೈಲ್ ಕಳಿಸ್ತೀರಾ, ನೀವೇ ತರ್ತೀರಾ?”

ಕೋಗಿಲೆಯ ಕೈ ಬಾಯಿಗೆ ಹೋಯಿತು.

ಅಳತೆಯಮ್ಮ ಎದುರಿಗಿದ್ದ ಸಾಲನ್ನು ಇನ್ನೊಮ್ಮೆ ಓದಿದರು. ಕುಟುಂಬದವರ ತಪ್ಪು ಸೂಚನೆಯಿಂದಾಗಿ. ಪೆನ್ನಿಗೆ ಮುಚ್ಚಳ ಹಾಕಿ, ನಿಧಾನವಾಗಿ ಮೇಜಿನ ಮೇಲಿಟ್ಟರು.

“ಬಂದೆ ಸರ್,” ಎಂದರು. “ಬಂದೆ.”

ಚಪ್ಪಲಿ ಮೇಜಿನ ಕೆಳಗೆ, ಒಂದು ಆ ಕಡೆ, ಒಂದು ಈ ಕಡೆ, ಬಿದ್ದಲ್ಲೇ ಬಿದ್ದಿದ್ದವು.